ತೆಂಗಿನಕಾಯಿ ನೀರು ಕುಡಿದ ಬ್ರೇಕು

ಮೊನ್ನೆ ಆಯುಧಪೂಜೆಯ ದಿನ ನಮ್ಮ ಅಡ್ಡರಸ್ತೆಯ ಅರ್ಧ ಜನ ಸೇರಿ ಒಂದು ಕಾರನ್ನು ತಳ್ಳಿದರು. ಅದು ಕದಲಲಿಲ್ಲ.

ಇಂಜಿನ್ ಕೆಟ್ಟಿರಲಿಲ್ಲ. ಗೇರಿನಲ್ಲೂ ಇರಲಿಲ್ಲ. ಎಲ್ಲ ಟೈರಿಗೂ ಗಾಳಿ ಇತ್ತು. ಮುಂದೆ ಸೇವಂತಿಗೆ ಹಾರ, ಎರಡೂ ಕಡೆ ಬಾಳೆಕಂದು, ಬಾನೆಟ್ಟಿನ ಮೇಲೆ ಅಂಗೈಯಗಲ ಕುಂಕುಮ. ಮದುವಣಗಿತ್ತಿಯ ಹಾಗೆ ಸಿಂಗರಿಸಿಕೊಂಡು ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಆ ಕಾರು ನಮ್ಮದು.

ಅದೇ ಹೊತ್ತಿಗೆ ನಮ್ಮ ಅಮ್ಮ ಒಗೆದ ಸೀರೆ ಉಟ್ಟು, ಮೇಲೊಂದು ಸ್ವೆಟರ್ ಹಾಕಿಕೊಂಡು ವರಾಂಡದ ಕುರ್ಚಿಯಲ್ಲಿ ಕಾಯುತ್ತಿದ್ದಳು. ಅವಳಿಗೆ ಡಯಾಲಿಸಿಸ್ ಇತ್ತು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಮಂಗಳವಾರ, ಶುಕ್ರವಾರ ರಾಜಾಜಿನಗರದ ಆಸ್ಪತ್ರೆಯೊಂದರ ಮಿಷನ್ನೇ ಅವಳ ರಕ್ತ ತೊಳೆದು ಕೊಡುತ್ತದೆ. ಹೋಗದಿದ್ದರೆ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ಹಬ್ಬ ಅಂತ ಒಂದು ದಿನ ಮುಂದಕ್ಕೆ ಹಾಕೋಣವೆಂದರೆ ಕಿಡ್ನಿಗೆ ಆಯುಧಪೂಜೆ ಗೊತ್ತಿಲ್ಲವಲ್ಲ!

ಈ ಕಾರು ನಮ್ಮ ಮನೆಗೆ ಬಂದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಹೆಂಡತಿ ವಿಮಲಳ ತಮ್ಮ ಪ್ರಕಾಶ ಕೆಂಗೇರಿ ಕಡೆ ಸೈಟು ಮಾರುತ್ತಾನೆ. (ಈಗ ಕೆಂಗೇರಿ ಕಡೆ ಸೈಟು ಮಾರದವರು ಯಾರಿದ್ದಾರೆ ಅಂತ ಕೇಳಬೇಡಿ.) ವ್ಯವಹಾರ ಕುದುರಿದಂತೆಲ್ಲ ಅವನ ಕಾರೂ ಬದಲಾಗುತ್ತದೆ. ಈ ವರ್ಷ ಇನ್ನೂ ದೊಡ್ಡದೊಂದನ್ನು ಕೊಂಡ. ಅಲ್ಲಿಯವರೆಗೆ ಓಡಿಸುತ್ತಿದ್ದ ಫಾರಿನ್ ಕಾರನ್ನು ತಂದು ಹೊಸಹಳ್ಳಿಯ ನಮ್ಮ ಮನೆಯ ಗೇಟಿನ ಮುಂದೆ ನಿಲ್ಲಿಸಿದ.

"ಭಾವ, ನಿಮ್ಮ ಹಳೇ ಡಬ್ಬಾನ ಯಾರಿಗಾದ್ರೂ ಕೊಟ್ಬಿಡಿ. ಅದ್ರಲ್ಲಿ ಅಮ್ಮನ್ನ ಕರ್ಕೊಂಡು ಹೋದ್ರೆ ಆಸ್ಪತ್ರೆ ಸೇರೋ ಹೊತ್ಗೆ ಅವರ ಮೂಳೆ ಎಲ್ಲಾ ಜಾಗ ಬದಲಾಯಿಸಿರ್ತವೆ."

"ಇಷ್ಟು ದೊಡ್ಡ ಗಾಡಿ ನಮ್ಮ ಬೀದೀಲಿ ಹೋಗತ್ತೇನೋ?"

"ಮಿರರ್ ಮಡಚ್ಕೊಂಡ್ರೆ ಹೋಗತ್ತೆ ಭಾವ."

ಅವನ ಮನಸ್ಸು ಒಳ್ಳೆಯದು. ಅದನ್ನು ಅಲ್ಲಗಳೆಯುವ ಹಾಗಿಲ್ಲ. ಮೆಟ್ರೋ ಕಂಬ ನಿಲ್ಲಿಸಲಿಕ್ಕೆ ಮಾಗಡಿ ರಸ್ತೆಯನ್ನು ಅಗೆದು ಹಾಕಿದ್ದಾರೆ. ನಮ್ಮ ಹಳೇ ಕಾರಿನಲ್ಲಿ ಒಂದೊಂದು ಗುಂಡಿಗೂ ಅಮ್ಮ "ರಾಮ ರಾಮ" ಅನ್ನುತ್ತಿದ್ದಳು. ಹೊಸ ಗಾಡಿಯಲ್ಲಿ ಮೊದಲ ಸಲ ಕೂತು ಹೋದ ದಿನ, "ತೊಟ್ಟಿಲಲ್ಲಿ ಮಲಗಿದ ಹಾಗಿದೆ ಕಣೋ" ಅಂದಳು. ಅಲ್ಲಿಗೆ ತೀರ್ಮಾನವಾಯಿತು. ಹಳೇ ಕಾರು ಬಾಪೂಜಿ ನಗರದ ಮೆಕ್ಯಾನಿಕ್ ಒಬ್ಬನ ಪಾಲಾಯಿತು.

ಪ್ರಕಾಶ ಕೀಲಿ ಕೊಡುವಾಗ ಒಂದೊಂದೇ ಗುಂಡಿ ಒತ್ತಿ ತೋರಿಸಿದ. ನಾನು ಡ್ರೈವರ್ ಸೀಟಿನಲ್ಲಿ ಕೂತು ಎಡಗೈಯಲ್ಲಿ ತಡಕಾಡುತ್ತಿದ್ದೆ. ಹ್ಯಾಂಡ್‌ಬ್ರೇಕ್ ಇರಬೇಕಾದ ಜಾಗದಲ್ಲಿ ಕಾಫಿ ಲೋಟ ಇಡುವ ಎರಡು ಕುಳಿಗಳಿದ್ದವು.

"ಇದಕ್ಕೆ ಹ್ಯಾಂಡ್‌ಬ್ರೇಕ್ ಇಲ್ವೇನೋ?"

"ಇದೆ ಭಾವ, ಎಲೆಕ್ಟ್ರಾನಿಕ್. ಗೇರ್ ಹಿಂದೆ ಒಂದು ಸ್ವಿಚ್ ಇದೆ ನೋಡಿ. ಇಂಜಿನ್ ಆಫ್ ಮಾಡಿದ್ರೆ ಬ್ರೇಕ್ ತಾನಾಗೇ ಬೀಳತ್ತೆ. ಹೊರಡೋವಾಗ ಕಾಲಿನ ಬ್ರೇಕ್ ತುಳಿದು ಈ ಸ್ವಿಚ್ ಒತ್ತಿ, ಬಿಟ್ಕೊಳತ್ತೆ. ನೀವು ತಲೆ ಕೆಡಿಸ್ಕೊಳ್ಳೋ ಹಾಗೇ ಇಲ್ಲ."

ತಲೆ ಕೆಡಿಸಿಕೊಳ್ಳುವ ಹಾಗೇ ಇಲ್ಲ! ಈ ಕಾಲದ ಅತಿ ದೊಡ್ಡ ಬೆದರಿಕೆ ಇದೇ ಅಂತ ನನಗೆ ಅನುಮಾನ. ಬ್ಯಾಂಕಿನವರು ಹೀಗೇ ಅಂದರು, ಮೊಬೈಲ್ ಕಂಪನಿಯವರು ಹೀಗೇ ಅಂದರು. ನಮ್ಮ ತಲೆ ಕೆಡಬಾರದು ಅಂತ ಅವರು ಏನೇನು ಮಾಡುತ್ತಾರೋ, ಕೊನೆಗೆ ಅದರಿಂದಲೇ ತಲೆ ಕೆಡುತ್ತದೆ.

ಹಳೇ ಹ್ಯಾಂಡ್‌ಬ್ರೇಕಿನಲ್ಲಿ ಏನಿತ್ತು ಮಹಾ? ಒಂದು ಕಬ್ಬಿಣದ ಹಿಡಿ, ಅದಕ್ಕೊಂದು ತಂತಿ. ಎಳೆದರೆ ಕರಕರ ಅಂತ ಹಲ್ಲು ಕಡಿಯುತ್ತಿತ್ತು, ತಂತಿ ಹಿಂದಿನ ಚಕ್ರ ಹಿಡಿಯುತ್ತಿತ್ತು. ಎಷ್ಟು ಬಿಗಿಯಾಗಿದೆ ಅನ್ನುವುದು ಅಂಗೈಗೇ ಗೊತ್ತಾಗುತ್ತಿತ್ತು. ಸಡಿಲ ಅನ್ನಿಸಿದರೆ ಇನ್ನೊಂದು ಹಲ್ಲು ಜಾಸ್ತಿ ಎಳೆದರಾಯಿತು. ತಂತಿಯೇ ಕಿತ್ತುಹೋದರೆ ಟೈರಿಗೊಂದು ಕಲ್ಲು ಕೊಟ್ಟರಾಯಿತು. (ಬೆಂಗಳೂರಿನ ರಸ್ತೆಯಲ್ಲಿ ಕಲ್ಲಿಗೇನು ಬರ?) ಮದುವೆಮನೆಯಲ್ಲಿ ಒಂದರ ಹಿಂದೊಂದು ಗಾಡಿ ನಿಲ್ಲಿಸುವಾಗ ವಾಚ್‌ಮನ್ "ಹ್ಯಾಂಡ್‌ಬ್ರೇಕ್ ಹಾಕ್ಬೇಡಿ ಸಾರ್, ನ್ಯೂಟ್ರಲ್ ಮಾಡ್ಬಿಟ್ಟು ಹೋಗಿ" ಅನ್ನುತ್ತಿದ್ದ. ನಾವು ಒಳಗೆ ಹೋಳಿಗೆ ತಿನ್ನುತ್ತಿದ್ದರೆ ಹೊರಗೆ ಯಾರೋ ನಮ್ಮ ಕಾರನ್ನು ತಳ್ಳಿ ತಮ್ಮ ಕಾರಿಗೆ ದಾರಿ ಮಾಡಿಕೊಳ್ಳುತ್ತಿದ್ದರು. ಇಡೀ ಊರು ಹೀಗೆ ಒಬ್ಬರನ್ನೊಬ್ಬರು ತಳ್ಳಿಕೊಂಡೇ ಬದುಕಿದೆ.

ಅದರ ಪರವಾಗಿ ಸುಳ್ಳು ವಕಾಲತ್ತು ಮಾಡುವುದಿಲ್ಲ. ಬ್ರೇಕ್ ಬಿಡಿಸುವುದನ್ನು ಮರೆತು ಬಸವೇಶ್ವರನಗರದಿಂದ ರಾಜಾಜಿನಗರದವರೆಗೆ ಹಾಗೇ ಓಡಿಸಿ, ಸುಟ್ಟ ವಾಸನೆ ಬಂದಾಗ "ಯಾರೋ ಕಸಕ್ಕೆ ಬೆಂಕಿ ಹಾಕಿದಾರೆ" ಅಂತ ಕಾರ್ಪೊರೇಷನ್ನನ್ನು ಬೈದವನು ನಾನು. ಆದರೆ ಅದು ಕೆಟ್ಟರೂ ನಮ್ಮ ಕೈಗೆ ಸಿಗುವ ಹಾಗೆ ಕೆಡುತ್ತಿತ್ತು.

ಆ ಹಿಡಿ ನನ್ನೊಬ್ಬನದೂ ಆಗಿರಲಿಲ್ಲ. ಏರಿನಲ್ಲಿ ಸಿಗ್ನಲ್ ಬಿದ್ದರೆ ನನಗೆ ಕೈಕಾಲು ಸಾಲುತ್ತಿರಲಿಲ್ಲ. ಕ್ಲಚ್ಚು, ಬ್ರೇಕು, ಆಕ್ಸಿಲರೇಟರು, ಹ್ಯಾಂಡ್‌ಬ್ರೇಕು! ದೇವರು ಮನುಷ್ಯನಿಗೆ ಇನ್ನೊಂದು ಕಾಲು ಕೊಡಬೇಕಿತ್ತು ಅನ್ನಿಸುತ್ತಿತ್ತು. ಆಗ ಪಕ್ಕದಲ್ಲಿ ಕೂತ ವಿಮಲ ಹ್ಯಾಂಡ್‌ಬ್ರೇಕಿನ ಖಾತೆಯನ್ನು ತಾನೇ ವಹಿಸಿಕೊಂಡಳು. ಸಿಗ್ನಲ್ ಹಸಿರಾದ ಕೂಡಲೇ ನಾನು ಕ್ಲಚ್ ಅರ್ಧ ಬಿಟ್ಟು "ಬಿಡೇ" ಅನ್ನಬೇಕು. ಅವಳು "ಬಿಟ್ಟೇರೀ" ಅಂತ ಹಿಡಿ ಇಳಿಸಬೇಕು. ನಮ್ಮ ಗಾಡಿ ಹಿಂದಿನವರ ಮೇಲೆ ಒಂದು ಸಲವೂ ಜಾರಲಿಲ್ಲ. ಮನೆಯಲ್ಲಿ ಮಾತು ಬಿಟ್ಟ ದಿನಗಳಲ್ಲೂ ಬಸವೇಶ್ವರನಗರದ ಏರು ಬಂದರೆ ಈ ಎರಡು ಮಾತು ಆಡಲೇಬೇಕಿತ್ತು. (ಸಂಸಾರಗಳು ಹೀಗೂ ಉಳಿಯುತ್ತವೆ, ನಗಬೇಡಿ.)

ಹೊಸ ಕಾರಿನಲ್ಲಿ ಮೊದಲ ಏರು ಬಂದಾಗ ಅಭ್ಯಾಸಬಲದಿಂದ ಅವಳ ಬಲಗೈ ಎದ್ದಿತು. ಲೋಟದ ಕುಳಿಯಲ್ಲಿ ಬಿತ್ತು. ಆಮೇಲೆ ಮೆಲ್ಲಗೆ ಮಡಿಲಿಗೆ ವಾಪಸಾಯಿತು.

"ನಂಗಿನ್ನು ಇಲ್ಲಿ ಕೆಲ್ಸ ಇಲ್ಲ ಬಿಡಿ" ಅಂದಳು. ನಗುತ್ತಲೇ ಅಂದಳು, ಆದರೆ ನನಗೆ ಪಿಚ್ಚೆನಿಸಿತು.

ಈಗ ಹಬ್ಬಕ್ಕೆ ಬರೋಣ.

ನಮ್ಮ ಮನೆಯಲ್ಲಿ ಆಯುಧಪೂಜೆಯ ಯಜಮಾನಿಕೆ ವಿಮಲಳದು. ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಆಗಿ ರಿಟೈರ್ ಆದವಳು. ಪೂಜೆಯನ್ನೂ ಪಾಠದಷ್ಟೇ ಶಿಸ್ತಾಗಿ ಮಾಡುತ್ತಾಳೆ. ಬಾನೆಟ್ಟಿಗೆ, ಸ್ಟೀರಿಂಗಿಗೆ, ಗೇರಿಗೆ, ಹ್ಯಾಂಡ್‌ಬ್ರೇಕಿಗೆ ಅರಿಶಿನ ಕುಂಕುಮ, ಅಕ್ಷತೆ. ಕಾಯಿ ಒಡೆದ ಮೇಲೆ ಹೋಳಿನಲ್ಲಿ ಉಳಿದ ನೀರನ್ನು ಕಬ್ಬಿಣವಿರುವ ಕಡೆಗೆಲ್ಲ ನಾಲ್ಕು ನಾಲ್ಕು ಹನಿ ಬಿಡುವುದು ಅವಳ ತವರಿನ ಪದ್ಧತಿ. ಅವಳ ತಾಯಿ ಈಳಿಗೆಮಣೆಗೂ, ಹಾರೆಗೂ, ಹೊಲಿಗೆ ಮಿಷನ್ನಿಗೂ ಹಾಗೇ ಬಿಡುತ್ತಿದ್ದರಂತೆ. "ಕಬ್ಬಿಣ ತಂಪಾಗಿದ್ರೆ ಮನೆ ತಂಪಾಗಿರತ್ತೆ" ಅನ್ನುವುದು ಅವರ ಮಾತು.

ಅಮ್ಮನದು ಇನ್ನೊಂದು ನಿಯಮ. ಪೂಜೆಯ ಹೊತ್ತಿನಲ್ಲಿ ಗಾಡಿಯ ಮುಖ ಪೂರ್ವಕ್ಕಿರಬೇಕು. ಹಾಗಿರಬೇಕಾದರೆ ಗೇಟಿನಿಂದ ನೇರ ಹೊರಗೆ ತಂದು ರಸ್ತೆಗೆ ಅಡ್ಡಲಾಗಿ ನಿಲ್ಲಿಸಬೇಕು. ಹಳೇ ಕಾರು ಗಿಡ್ಡ. ಅದನ್ನು ಅಡ್ಡ ನಿಲ್ಲಿಸಿದರೂ ಮುಂದೆ ಆಟೋ ನುಸುಳುತ್ತಿತ್ತು. ಈ ಮಹಾರಾಯ ನಮ್ಮ ಗೇಟಿನಿಂದ ಎದುರು ಮನೆಯ ಚರಂಡಿ ಕಲ್ಲಿನವರೆಗೆ ಇಡೀ ರಸ್ತೆ ನುಂಗಿಕೊಂಡು ನಿಂತ. ಒಂದು ಸ್ಕೂಟರ್ ಹೋಗುವಷ್ಟು ಸಂದಿ ಉಳಿಯಿತು, ಅಷ್ಟೆ. ನಮ್ಮದು ಆಚೆ ಕಡೆ ದಾರಿಯಿಲ್ಲದ ರಸ್ತೆ ಬೇರೆ. ಇರಲಿ, ಮಂಗಳಾರತಿ ಆಗುವವರೆಗೆ ತಾನೇ?

ವಿಮಲ ಕಾರಿನೊಳಗೆ ಬಗ್ಗಿ ಕುಂಕುಮದ ಬಟ್ಟಲು ಹಿಡಿದು ಹುಡುಕಿದಳು.

"ಬ್ರೇಕಿಗೆ ಎಲ್ಲಿ ಇಡ್ಲಿ?"

"ಗೇರ್ ಹಿಂದೆ ಸ್ವಿಚ್ ಇದೆಯಲ್ಲ, ಅದೇ ಬ್ರೇಕು."

"ಇದಾ? ಕಾಲಿಂಗ್ ಬೆಲ್ ಇದ್ದ ಹಾಗಿದೆ!"

"ಅದೇ ಕಣೇ. ಇಡು."

ಇಟ್ಟಳು. ಒದ್ದೆ ಅರಿಶಿನ, ಕುಂಕುಮ, ನಾಲ್ಕು ಕಾಳು ಅಕ್ಷತೆ. ನಾನು ಕಾಯಿ ಒಡೆದೆ, ಹೋಳಿನ ನೀರನ್ನು ಅವಳು ಚಕ್ರಗಳಿಗೆ, ಗೇರಿಗೆ, ಆಮೇಲೆ ಆ ಸ್ವಿಚ್ಚಿಗೆ ಭಕ್ತಿಯಿಂದ ಬಿಟ್ಟಳು. ಹಳೇ ಹಿಡಿಯ ಮೇಲೆ ಬಿದ್ದ ನೀರು ಜಾರಿ ಕಾಲಡಿಯ ಮ್ಯಾಟಿಗೆ ಹೋಗುತ್ತಿತ್ತು. ಇಲ್ಲಿ ಸಂದಿಯೊಳಕ್ಕೆ ಇಳಿಯಿತು. ನಾನು ನಿಂತು ನೋಡುತ್ತಲೇ ಇದ್ದೆ. ತಪ್ಪು ಅಂತ ಹೊಳೆಯಲಿಲ್ಲ. ನಿಮಗೆ ಹೊಳೆಯುತ್ತಿತ್ತೇ?

ಮಂಗಳಾರತಿ ಆಯಿತು. ಅಕ್ಕಪಕ್ಕದವರಿಗೆ ಕಡಲೆಪುರಿ ಹಂಚಿಯಾಯಿತು. ಟೈರುಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಅವುಗಳ ಮೇಲೆ ಗಾಡಿ ಹತ್ತಿಸಿ ಹಾಗೇ ಅಮ್ಮನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೊರಡುವುದು ನಮ್ಮ ಲೆಕ್ಕಾಚಾರ. ಮಧ್ಯಾಹ್ನದ ಪಾಳಿಗೆ ಇನ್ನೂ ಸಮಯವಿತ್ತು.

ಇಂಜಿನ್ ಶುರುವಾಯಿತು. ಬ್ರೇಕ್ ತುಳಿದು ಸ್ವಿಚ್ಚು ಒತ್ತಿದೆ. ಅದು ಕೆಸರಲ್ಲಿ ಕಾಲಿಟ್ಟ ಹಾಗೆ ಮೆತ್ತಗೆ ಒಳಗೆ ಹೋಯಿತು, ಮೇಲೆ ಬರಲಿಲ್ಲ. ಕೆಂಪು ದೀಪ ಆರಲಿಲ್ಲ. ಮತ್ತೆ ಒತ್ತಿದೆ. ಉಗುರಲ್ಲಿ ಎಬ್ಬಿಸಿ ಒತ್ತಿದೆ. ಕೀಂ ಕೀಂ ಅಂತ ಒಂದು ಶಬ್ದ ಶುರುವಾಯಿತು. ಆಕ್ಸಿಲರೇಟರ್ ತುಳಿದರೆ ಗಾಡಿ ಕಟ್ಟಿಹಾಕಿದ ಎತ್ತಿನ ಹಾಗೆ ಕೊಸರಾಡಿ ಅಲ್ಲೇ ಕೂತಿತು.

ಎದುರುಮನೆ ಮಹಡಿಯ ಈರಣ್ಣ ಇಳಿದು ಬಂದ. ಗದಗದ ಕಡೆಯವನು, ಕೊರಿಯರ್ ಕಂಪನಿಯೊಂದರಲ್ಲಿ ಕೆಲಸ.

"ಯಾಕ್ರೀ ಸರ, ಗಾಡಿ ನಿಂತಬಿಡ್ತು?"

"ಬ್ರೇಕ್ ಬಿಡ್ತಾ ಇಲ್ಲಪ್ಪ."

"ಎಲ್ಲೈತ್ರೀ ಅದು? ಸರೀರಿ, ನಾ ಎಳೀತೀನಿ."

ಸ್ವಿಚ್ಚು ತೋರಿಸಿದೆ. ಅವನು ಬಗ್ಗಿ ನೋಡಿದ. ಎಳೆಯಲಿಕ್ಕೆ ಬಂದ ಕೈ ಗಾಳಿಯಲ್ಲೇ ನಿಂತಿತು. "ಇದನ್ನ ಏನ್ ಮಾಡೋದ್ರೀ?" ಅಂದ.

ಅಷ್ಟರಲ್ಲಿ ಜನ ಸೇರಿದರು. ನಮ್ಮ ಬೀದಿಯ ಜನ ಒಳ್ಳೆಯವರು, ತಳ್ಳುವುದು ಅಂದರೆ ಎಲ್ಲಿದ್ದರೂ ಓಡಿಬರುತ್ತಾರೆ. ಪಂಚೆ ಎತ್ತಿಕಟ್ಟಿದವರು, ಹೊಸ ಬಟ್ಟೆ ಹಾಕಿದವರು, ಬಾಯಲ್ಲಿನ್ನೂ ಕಡಲೆಪುರಿ ಇದ್ದವರು. "ಮಗಾ, ಆ ಕಡೆ ಕೈ ಕೊಡು! ಒಂದೇ ಸಲ, ಹೂಂ!" ಹೂಂ ಅಂದರು. ಬಾಳೆಕಂದು ಅಲ್ಲಾಡಿತು. ಗಾಡಿ ಅಲ್ಲಾಡಲಿಲ್ಲ. ಹಿಂದಿನ ಚಕ್ರಗಳೆರಡನ್ನೂ ಆ ಸ್ವಿಚ್ಚು ಕಚ್ಚಿ ಹಿಡಿದಿತ್ತು. ಎತ್ತಿ ಪಕ್ಕಕ್ಕಿಡೋಣವೆಂದರೆ ಅದೇನು ಹಳೇ ಡಬ್ಬವೇ?

"ಅಂಕಲ್, ಬ್ಯಾಟ್ರಿ ಬಿಚ್ಚಿ ಹಾಕಿ, ರೀಸ್ಟಾರ್ಟ್ ಆಗತ್ತೆ" ಅಂದ ಕಂಪ್ಯೂಟರ್ ಕಲಿಯುವವನೊಬ್ಬ. ಅದನ್ನೂ ಮಾಡಿದೆವು. ಗಡಿಯಾರ ಹಿಂದಕ್ಕೆ ಹೋಯಿತು, ಬ್ರೇಕ್ ಹೋಗಲಿಲ್ಲ.

ಪ್ರಕಾಶನಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿ ಯಾರೋ ಗಿರಾಕಿಗೆ ದಸರಾ ತೋರಿಸುತ್ತಿದ್ದ. ಹಿಂದೆ ನಾದಸ್ವರ ಕೇಳಿಸುತ್ತಿತ್ತು.

"ಸ್ವಿಚ್ ಒತ್ತಿದ್ರಾ ಭಾವ?"

"ಒತ್ತೋದಿರ್ಲಿ, ಗುದ್ದೂ ಆಯ್ತು ಕಣೋ."

"ಹಾಗಾದ್ರೆ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡ್ಬಿಡಿ. ಕಂಪ್ಯೂಟರ್ ಹಾಕಿ ಬಿಡಿಸ್ತಾರೆ."

ಮಾಡಿದೆ. ರೆಕಾರ್ಡ್ ಆಗಿದ್ದ ಹೆಣ್ಣು ದನಿಯೊಂದು ನನಗೆ ಮೂರು ಭಾಷೆಯಲ್ಲಿ ಹಬ್ಬದ ಶುಭಾಶಯ ಕೋರಿತು. ವಿಜಯದಶಮಿ ಕಳೆದ ಮೇಲೆ ಸಂಪರ್ಕಿಸಬೇಕಂತೆ. ಬ್ರೇಕ್ ಬಿಡಿಸಲಿಕ್ಕೆ ಮುಹೂರ್ತ!

ರಸ್ತೆಯ ಕೊನೆಮನೆಯವರ ಹತ್ತಿರ ವ್ಯಾನ್ ಇದೆ. ಅವರನ್ನು ಕೇಳಿದೆ. "ನಾನು ರೆಡಿ ಸಾರ್. ಆದ್ರೆ ನಿಮ್ಮ ಕಾರ್ ಮೇಲೆ ಹಾರಿಸ್ಕೊಂಡು ಬರ್ಲಾ?" ಅಂದರು. ಸಿಟ್ಟಿನಿಂದಲ್ಲ, ಅಸಹಾಯಕತೆಯಿಂದ. ಅವರ ವ್ಯಾನಿಗೂ ಹೊರಗೆ ಹೋಗಲು ನಮ್ಮ ಗೇಟಿನ ಮುಂದಿನ ದಾರಿಯೇ ಗತಿ. ಒಳಗಿದ್ದ ಗಾಡಿಗಳಿಗೆಲ್ಲ ನಾವೇ ಬಿರಡೆ ಹಾಕಿದ್ದೆವು. ಹೊರಗಿನವರಲ್ಲಿ ಕಾರಿದ್ದವರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಆಸ್ಪತ್ರೆಯ ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು, ಬರುವುದು ತಡವಂತೆ.

ಅತ್ತಿಗುಪ್ಪೆಯ ಆಟೋ ಸ್ಟ್ಯಾಂಡಿಗೆ ಓಡಿದೆ. ಈ ವಯಸ್ಸಿನಲ್ಲಿ ನಿಜಕ್ಕೂ ಓಡಿದೆ. ಆಟೋಗಳು ಸಾಲಾಗಿ ನಿಂತಿದ್ದವು, ಎಲ್ಲಕ್ಕೂ ಹಾರ, ಬಲೂನು. ಚಾಲಕರು ಧ್ವನಿವರ್ಧಕದ ಮುಂದೆ ಕುಣಿಯುತ್ತಿದ್ದರು.

"ರಾಜಾಜಿನಗರ ಬರ್ತೀರಾ? ಅಮ್ಮಂಗೆ ಡಯಾಲಿಸಿಸ್."

"ಪೂಜೆ ಆಗಿದೆ ಸಾರ್, ಇವತ್ತು ಗಾಡಿ ತೆಗ್ಯಲ್ಲ."

ಇನ್ನೊಬ್ಬ ಹತ್ತಿರ ಬಂದು ದನಿ ತಗ್ಗಿಸಿ, "ನಾನ್ ಬರ್ತಿದ್ದೆ ಸಾರ್, ಆದ್ರೆ ಸ್ವಲ್ಪ ಹಾಕ್ಕೊಂಡಿದೀನಿ. ವಯಸ್ಸಾದೋರನ್ನ ಕೂರಿಸ್ಕೊಂಡು ಬೇಡ" ಅಂದ. ಅವನ ಪ್ರಾಮಾಣಿಕತೆಗೆ ಕೈ ಮುಗಿಯಬೇಕೋ, ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ವರ್ಷದಲ್ಲಿ ಒಂದು ದಿನ ಈ ಊರಿನ ಗಾಡಿಗಳು ದೇವರಾಗುತ್ತವೆ. ದೇವರು ನಮ್ಮನ್ನು ಕೂರಿಸಿಕೊಂಡು ಹೋಗುವುದುಂಟೇ?

ಮುಖ್ಯರಸ್ತೆಯಲ್ಲೂ ಕೈ ಅಡ್ಡ ಹಾಕಿದರೆ ಒಂದು ಆಟೋವೂ ನಿಲ್ಲಲಿಲ್ಲ. ವಾಪಸು ಬಂದೆ. ಬೀದಿಯವರು ತಳ್ಳಿ ತಳ್ಳಿ ಸುಸ್ತಾಗಿ ಕಟ್ಟೆಗಳ ಮೇಲೆ ಕೂತಿದ್ದರು. ಕಾರಿನೊಳಗೆ ವಿಮಲ ಒಬ್ಬಳೇ ಇದ್ದಳು. ರೇಷ್ಮೆ ಸೀರೆಯ ಸೆರಗಿನ ತುದಿಯನ್ನು ಕಡ್ಡಿಯ ಹಾಗೆ ಹೊಸೆದು ಸ್ವಿಚ್ಚಿನ ಸಂದಿಯೊಳಗಿನ ನೀರನ್ನು ಹೀರಿಸುತ್ತಿದ್ದಳು. ಒಂದು ಅಕ್ಷತೆ ಕಾಳು ಹೊರಗೆ ಬಂದಿತ್ತು. ಅದನ್ನು ನನಗೆ ತೋರಿಸಿದಳು. ಮತ್ತೆ ಸೆರಗು ಹೊಸೆಯತೊಡಗಿದಳು.

ಅಮ್ಮ ಗೇಟಿನವರೆಗೆ ಬಂದು ನಿಂತಿದ್ದಳು. ಅವಳ ಕಣ್ಣು ಟೈರಿನ ಕೆಳಗಿತ್ತು.

"ನಿಂಬೆಹಣ್ಣು ಒಡೀಲಿಲ್ವಲ್ಲೋ" ಅಂದಳು.

"ಒಡಿಯತ್ತೆ ಬಿಡಮ್ಮ."

"ಕಾಲು ಊದ್ಕೋತಾ ಇದೆ ನಂಗೆ" ಅಂದಳು, ಅದೇ ದನಿಯಲ್ಲಿ.

ಕೊನೆಗೆ ಈರಣ್ಣ ತನ್ನ ಬೈಕ್ ತಂದ. ಅವನೂ ಪೂಜೆ ಮಾಡಿಟ್ಟಿದ್ದ ಬೈಕು. ಪೆಟ್ರೋಲ್ ಟ್ಯಾಂಕಿನ ಮೇಲಿದ್ದ ಹಾರವನ್ನು ಕಿತ್ತು ಪಕ್ಕಕ್ಕಿಟ್ಟು, "ಕುಂಡ್ರ್ರಿ ಅಜ್ಜಿ, ನನ್ನ ಗಟ್ಟಿ ಹಿಡ್ಕೋರಿ" ಅಂದ. ಮುಂದೆ ಅವನು, ನಡುವೆ ಅಮ್ಮ, ಹಿಂದೆ ಅವಳು ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದ ನಾನು. ಕಾರು ಮತ್ತು ಚರಂಡಿ ಕಲ್ಲಿನ ನಡುವಿನ ಸಂದಿಯಲ್ಲಿ ನುಸುಳಿದೆವು. ಅಮ್ಮನ ಮೊಣಕಾಲು ಕಾರಿನ ಬಂಪರಿಗೆ ಉಜ್ಜಿತು. ತೊಟ್ಟಿಲಿನ ಹಾಗಿದೆ ಅಂದಿದ್ದಳಲ್ಲ, ಅದೇ ಕಾರು.

ಮಾಗಡಿ ರಸ್ತೆಯ ಗುಂಡಿಗಳ ಮೇಲೆ ಎಂಬತ್ತು ದಾಟಿದ, ಕೈಯಲ್ಲಿ ಸೂಜಿ ಚುಚ್ಚುವ ಜಾಗ ಊದಿಕೊಂಡಿರುವ ಮುದುಕಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುವುದನ್ನು ನಾನು ವರ್ಣಿಸಲಾರೆ. ಅವಳು ಈ ಸಲ "ರಾಮ ರಾಮ" ಅನ್ನಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ರಸ್ತೆಯಲ್ಲಿ ಒಡೆದ ಬೂದುಗುಂಬಳಕಾಯಿಗಳ ಮೇಲೆ ಚಕ್ರ ಜಾರಿದಾಗಲೆಲ್ಲ ಈರಣ್ಣ ಎರಡೂ ಕಾಲು ನೆಲಕ್ಕೆ ಊರಿ ಹಿಡಿಯುತ್ತಿದ್ದ.

ತಲುಪುವ ಹೊತ್ತಿಗೆ ಪಾಳಿ ಶುರುವಾಗಿಹೋಗಿತ್ತು. ಮಿಷನ್ನುಗಳೆಲ್ಲ ತುಂಬಿದ್ದವು. ನಾವು ಬರಲಿಲ್ಲ ಅಂತ ಅಮ್ಮನ ಹಾಸಿಗೆಯನ್ನು ಕಾದು ಕೂತಿದ್ದ ಇನ್ನೊಬ್ಬರಿಗೆ ಕೊಟ್ಟಿದ್ದರು. ಅವರನ್ನು ಎಬ್ಬಿಸಿ ಅನ್ನಲಿಕ್ಕಾಗುತ್ತದೆಯೇ? ಅವರ ರಕ್ತವೂ ಕೆಂಪೇ.

"ಸಂಜೆ ಪಾಳಿ ಇವತ್ತಿಲ್ಲ ಸಾರ್, ಹಬ್ಬ" ಅಂದ ಟೆಕ್ನೀಷಿಯನ್, ನಿಜಕ್ಕೂ ಬೇಜಾರಾಗಿ. "ನಾಳೆ ಬೆಳಗ್ಗೆ ಮೊದಲು ಇವರಿಗೇ ಹಾಕ್ತೀನಿ. ಅಲ್ಲಿವರ್ಗೂ ನೀರು ಜಾಸ್ತಿ ಕೊಡ್ಬೇಡಿ."

ಹೋಗುವಾಗ ಸಿಗದ ಆಟೋ ಬರುವಾಗ ಆಸ್ಪತ್ರೆಯ ಬಾಗಿಲಲ್ಲೇ ಸಿಕ್ಕಿತು. ನಮ್ಮ ಊರು ಹೀಗೆಯೇ.

ಮರುದಿನ ಬೆಳಗ್ಗೆ ಹೊರಡುವ ಮೊದಲೇ ಅಮ್ಮನಿಗೆ ಉಸಿರು ಹಿಡಿಯಿತು. ಮಾತಾಡಲು ಬಾಯಿ ತೆರೆದರೆ ಗೊರಗೊರ ಶಬ್ದ. ಈ ಸಲ ಆಂಬುಲೆನ್ಸ್ ಬಂತು, ಆದರೆ ಕಾರಿನಾಚೆಯೇ ನಿಲ್ಲಬೇಕಾಯಿತು. ಹಾರ ಬಾಡಿದ ನಮ್ಮ ಕಾರು ಇನ್ನೂ ಅಡ್ಡ ನಿಂತಿತ್ತಲ್ಲ! ಹಿಂದಿನ ದಿನ ಕಾರು ತಳ್ಳಿದವರೇ ಬಂದು ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು. ಕಾರಿನ ಪಕ್ಕ ಕುರ್ಚಿ ಹಿಡಿಸದೆ, ಬಾನೆಟ್ಟಿನ ಮೇಲಿಂದ ಎತ್ತಿ ದಾಟಿಸಿದರು. ಕುಂಕುಮ ಅಮ್ಮನ ಸೀರೆಗೆ ಹತ್ತಿತು.

ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಮಿಷನ್ನಿಗೆ ಹಾಕಿ ನೀರು ತೆಗೆದರು. ಆದರೆ ಆ ಒದ್ದಾಟದಲ್ಲಿ ಹೃದಯಕ್ಕೆ ಪೆಟ್ಟು ಬಿದ್ದಿದೆ ಅಂತ ಡಾಕ್ಟರು ಹೇಳಿದರು, ಅವಳನ್ನು ಅಲ್ಲೇ ಅಡ್ಮಿಟ್ ಮಾಡಿಕೊಂಡರು. "ಒಂದು ದಿನ ಮುಂಚೆ ಆಗಿದ್ರೆ ಚೆನ್ನಾಗಿತ್ತು" ಅಂದರು. ಅವರು ಸುಮ್ಮನೆ ಅಂದ ಮಾತು. ನನಗೆ ಅದು ಕಿವಿಯಿಂದ ಹೋಗುತ್ತಿಲ್ಲ.

ಹಬ್ಬ ಮುಗಿದ ಮೇಲೆ ಸರ್ವಿಸ್ ಸೆಂಟರಿನವರು ಬಂದು ಹಿಂದಿನ ಚಕ್ರಗಳನ್ನು ಎತ್ತಿ ಲಾರಿಗೇರಿಸಿ ಒಯ್ದರು. ವಿಚಾರಿಸಲು ನಾನೂ ವಿಮಲಳೂ ಹೋದೆವು. ಅಲ್ಲಿ ಟೈ ಕಟ್ಟಿದ ಯುವಕನೊಬ್ಬ ಬಿಚ್ಚಿದ ಸ್ವಿಚ್ಚನ್ನು ಟಿಶ್ಯೂ ಕಾಗದದ ಮೇಲಿಟ್ಟು ತೋರಿಸಿದ. ಒಳಗೆ ಅರಿಶಿನ ಮೆತ್ತಿಕೊಂಡಿತ್ತು.

"ಏನ್ ಬಿದ್ದಿತ್ತು ಸಾರ್ ಇದ್ರ ಮೇಲೆ?"

"ತೆಂಗಿನಕಾಯಿ ನೀರು" ಅಂದೆ.

ಅವನು ನಗಲಿಲ್ಲ, ಪಾಪ. ಮೇಜಿನಾಚೆಯಿದ್ದ ಸಹೋದ್ಯೋಗಿಗೆ ಮಾತ್ರ ಮೆಲ್ಲಗೆ, "ಯೂಸರ್ ಎರರ್" ಅಂದ.

ಹೊರಗೆ ಬಂದ ಮೇಲೆ ನಾನು ವಿಮಲಳಿಗೆ, "ಏನಿಲ್ಲ, ಒಳಗೆ ವೈರ್ ಲೂಸ್ ಇತ್ತಂತೆ" ಅಂದೆ.

"ರೀ, ನಾನು ಇಂಗ್ಲಿಷ್ ಟೀಚರ್" ಅಂದಳು.

ನಿಮ್ಮನ್ನೇ ಕೇಳುತ್ತೇನೆ. ಎರರ್ ಯಾರದು? ಈ ದೇಶದಲ್ಲಿ ಚಕ್ರವಿರುವುದಕ್ಕೆಲ್ಲ ವರ್ಷಕ್ಕೊಮ್ಮೆ ಕಾಯಿ ಒಡೆಯುತ್ತಾರೆ. ಸೈಕಲ್ಲಿಗೆ ಒಡೆಯುತ್ತಾರೆ, ರೈಲಿನ ಇಂಜಿನ್ನಿಗೆ ಒಡೆಯುತ್ತಾರೆ, ಬುಲ್ಡೋಜರಿಗೂ ಒಡೆಯುತ್ತಾರೆ. ಅಂಥ ಕಡೆಗೆ ನಾಲ್ಕು ಹನಿ ಕಾಯಿನೀರು ತಡೆಯಲಾರದ ಬ್ರೇಕನ್ನು ಕಳಿಸಿದವನು ಬುದ್ಧಿವಂತ. ಅದಕ್ಕೆ ಭಕ್ತಿಯಿಂದ ಕುಂಕುಮ ಇಟ್ಟವಳು ದಡ್ಡಿ! ಹೋಗಲಿ, ಪೂಜೆಯೇ ಬೇಡ. ಪಕ್ಕದ ಕುಳಿಯಲ್ಲಿಟ್ಟ ಕಾಫಿ ತುಳುಕಿದ್ದರೆ? ಮಗು ಜ್ಯೂಸ್ ಚೆಲ್ಲಿದ್ದರೆ? ಬ್ಯಾಟರಿ ಸತ್ತಿದ್ದರೆ? ನಡುರಸ್ತೆಯಲ್ಲಿ ನಿಂತ ಗಾಡಿಯನ್ನು ಹತ್ತು ಜನ ಸೇರಿ ಪಕ್ಕಕ್ಕೆ ತಳ್ಳಲೂ ಆಗಬಾರದೆಂದರೆ ಅದನ್ನು ಸುಧಾರಣೆ ಅಂತ ಹೇಗೆ ಕರೆಯಲಿ? ಕೆಟ್ಟ ಮೇಲೆ ಮನುಷ್ಯರ ಕೈಗೆ ಎಲ್ಲಾದರೂ ಒಂದು ಹಿಡಿ ಸಿಗಬೇಕಲ್ಲವೇ?

ಸಿಗುವುದಿಲ್ಲ. ಇನ್ನು ಬರುವ ಗಾಡಿಗಳೆಲ್ಲ ಹೀಗೇ ಇರುತ್ತವಂತೆ. ಪ್ರಕಾಶ ಹೇಳಿದ. ಅವನ ಹೊಸ ಕಾರಿನಲ್ಲಿ ಸ್ವಿಚ್ಚು ಇನ್ನೂ ಚಿಕ್ಕದು. ಅವನೂ ನೊಂದಿದ್ದಾನೆ, ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಪಕ್ಕ ಕೂತು, "ಒಳ್ಳೇದಾಗ್ಲಿ ಅಂತ ಕೊಟ್ಟೆ ಭಾವ" ಅಂತ ಕಣ್ಣೊರೆಸಿಕೊಂಡ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬೈಯಲು ಯಾರಾದರೂ ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ವಿಮಲ ಈಗ ಸರಿಯಾಗಿ ಊಟ ಮಾಡುತ್ತಿಲ್ಲ. "ನನ್ನ ಕೈಯಾರೆ ಮಾಡ್ದೆ" ಅನ್ನುತ್ತಾಳೆ. ನಿನ್ನದಲ್ಲ ಕಣೇ, ಸ್ವಿಚ್ಚಿನ ಜಾಗ ತೋರಿಸಿದವನೇ ನಾನು ಅಂದೆ. "ನೀವು ತೋರಿಸಿದ್ರಿ, ಸುರಿದೋಳು ನಾನು" ಅಂದಳು. ಆಸ್ಪತ್ರೆಯಲ್ಲಿ ಅಮ್ಮನಿಗೆ ನೀರು ಕುಡಿಸಲೂ ಲೋಟವನ್ನು ನನ್ನ ಕೈಗೆ ಕೊಡುತ್ತಾಳೆ. ಅತ್ತೆಯ ಹಾಸಿಗೆಯ ಪಕ್ಕ ಕೈಕಟ್ಟಿಕೊಂಡು ಕೂರುತ್ತಾಳೆ. ನಲವತ್ತು ಮಕ್ಕಳ ತರಗತಿಯನ್ನು ಕಣ್ಣಲ್ಲೇ ಆಳಿದವಳು, ಈಗ ಯಾರ ಮುಖವನ್ನೂ ನೋಡುವುದಿಲ್ಲ.

ನಿನ್ನೆ ಕಾರು ವಾಪಸು ಬಂತು. ಚೆನ್ನಾಗಿ ತೊಳೆದು, ಕುಂಕುಮದ ಗುರುತೂ ಇಲ್ಲದ ಹಾಗೆ ಒರೆಸಿ ಕಳಿಸಿದ್ದಾರೆ. ಹೊಸ ಸ್ವಿಚ್ಚು. ಒತ್ತಿದರೆ ಟಕ್ ಅಂತ ಬ್ರೇಕ್ ಬಿಡುತ್ತದೆ, ಆಡಿಸಿ ನೋಡಿದೆ. ಆಮೇಲೆ ಆಸ್ಪತ್ರೆಗೆ ಹೋದೆ. ಅಮ್ಮ ಕಣ್ಣು ಬಿಟ್ಟಿದ್ದಳು.

"ಗಾಡಿ ಸರಿಹೋಯ್ತೇನೋ?" ಅಂತ ಕೇಳಿದಳು. ದನಿ ಕೇಳಲು ನಾನು ಬಗ್ಗಬೇಕಾಯಿತು.

"ಹೋಯ್ತಮ್ಮ. ರೆಡಿ ಇದೆ."

"ಸದ್ಯ" ಅಂದಳು. ಮತ್ತೆ ಕಣ್ಣು ಮುಚ್ಚಿದಳು.

ಗಾಡಿ ರೆಡಿ ಇದೆ ಸ್ವಾಮಿ, ಅದರಲ್ಲಿ ಕೂರಬೇಕಾದವಳು ಏಳುತ್ತಿಲ್ಲ.